ಪಾಕಗ್ರಂಥಗಳ ಪರಂಪರೆಯೂ ಗೃಹಸ್ಥರ ಆಯ್ಕೆಯೂ

ಪ್ರತಿದಿನವೂ ಪ್ರತಿ ಮನೆಯಲ್ಲಿಯೂ ತಪ್ಪದೆ ನಡೆಯುವ ವಿದ್ಯೆ ಯಾವುದೆಂದರೆ ಅಡುಗೆ. ವೇದಪಾಠಕ್ಕೆ ಅನಧ್ಯಯನದ ದಿನಗಳುಂಟು, ಕಚೇರಿಗೆ ರಜೆಯುಂಟು, ಅಂಗಡಿಗೆ ಬಾಗಿಲು ಮುಚ್ಚುವ ಹೊತ್ತುಂಟು, ಒಲೆಗೆ ಮಾತ್ರ ಬಿಡುವಿಲ್ಲ. ಹೀಗಿದ್ದರೂ ಈ ವಿದ್ಯೆಯನ್ನು ಕುರಿತು ಕನ್ನಡದಲ್ಲಿ ಹಿಂದೆ ಹುಟ್ಟಿದ ಗ್ರಂಥಗಳು, ಕಾವ್ಯ ವ್ಯಾಕರಣ ಜ್ಯೋತಿಷಗಳನ್ನು ಕುರಿತವುಗಳ ಮುಂದೆ ಬಹು ಸ್ವಲ್ಪ. ಇದ್ದವುಗಳಾದರೂ ಯಾರಿಗಾಗಿ ಬರೆಯಲ್ಪಟ್ಟವು, ಅವುಗಳಲ್ಲಿ ಏನು ಸೇರಿತು, ಏನು ಸೇರದೆ ಉಳಿಯಿತು ಎಂಬುದನ್ನು ವಿಚಾರಿಸುವುದು ಇಂದಿನ ಸಂಸಾರಗಳಿಗೆ ಪ್ರಯೋಜನಕಾರಿಯಾಗಿದೆ.

ಶರಾವತಿಯು ಸಮುದ್ರವನ್ನು ಕೂಡುವಲ್ಲಿ, ಹೊನ್ನಾವರ ಪಟ್ಟಣದ ಎದುರು ದಡದಲ್ಲಿರುವ ಕಾಸರಕೋಡ ಗ್ರಾಮವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಆ ಊರಿನಲ್ಲಿಯೂ, ಉತ್ತರಕ್ಕೆ ಕುಮಟೆ, ದಕ್ಷಿಣಕ್ಕೆ ಭಟ್ಕಳದವರೆಗಿನ ಊರುಗಳಲ್ಲಿಯೂ ಅಡುಗೆಯನ್ನು ಪುಸ್ತಕ ನೋಡಿ ಕಲಿಯುವ ಪದ್ಧತಿ ಹಿಂದೆ ಇರಲಿಲ್ಲ. ಹೆಣ್ಣುಮಕ್ಕಳು ತಾಯಿಯ ಬಳಿಯಲ್ಲಿಯೂ, ಮದುವೆಯಾದ ಮೇಲೆ ಅತ್ತೆಯ ಬಳಿಯಲ್ಲಿಯೂ ಕುಳಿತು, ಕಣ್ಣಳತೆ ಕೈಯಳತೆಗಳಿಂದ ಕಲಿತರು. ಈಗ ಆ ಸ್ಥಿತಿ ಮಾರ್ಪಟ್ಟಿದೆ. ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆಗಳು ಹೆಚ್ಚಿವೆ; ಮಕ್ಕಳು ಬೆಂಗಳೂರು, ಮುಂಬಯಿ, ಅರಬ್ಬರ ದೇಶಗಳಲ್ಲಿ ನೆಲೆಸಿದ್ದಾರೆ. ಕಲಿಸುವವರು ಒಂದು ಊರಿನಲ್ಲಿ, ಕಲಿಯಬೇಕಾದವರು ಮತ್ತೊಂದು ಊರಿನಲ್ಲಿ. ಆದುದರಿಂದ ಪುಸ್ತಕವು ಅತ್ತೆಯ ಸ್ಥಾನಕ್ಕೆ ಬಂದಿದೆ. ಅಂಗಡಿಯಲ್ಲಿ ಪಾಕಪುಸ್ತಕಗಳಿಗೆ ಕೊರತೆಯಿಲ್ಲ. ಬಿಡುವಿಲ್ಲದ ಸಂಸಾರವು ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಪಾಕಗ್ರಂಥಗಳ ಚರಿತ್ರೆಯೇ ಕೊಡುತ್ತದೆ.

ಕನ್ನಡದಲ್ಲಿ ಪಾಕವಿಷಯವು ಶಾಸ್ತ್ರರೂಪವಾಗಿ ಕಾಣಿಸಿಕೊಳ್ಳುವುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ. ಈತನು ಕಲ್ಯಾಣದ ಚಾಲುಕ್ಯರಾಜನಾದ ಜಯಸಿಂಹನ ಆಶ್ರಯದಲ್ಲಿದ್ದವನು. ಗ್ರಂಥದ ಕಾಲವು ಸುಮಾರು ಕ್ರಿ. ಶ. 1025. ಹೆಸರೇ ಸೂಚಿಸುವಂತೆ ಇದು ಲೋಕದ ಸಾಮಾನ್ಯ ಜನರ ಉಪಕಾರಕ್ಕಾಗಿ ಹುಟ್ಟಿದ ಕೃತಿ. ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಕ್ರಮ, ವೃಕ್ಷಾಯುರ್ವೇದ, ಗಂಧದ್ರವ್ಯ, ಪಶುವೈದ್ಯ ಇವುಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವು ದೊರೆತಿದೆ. ಅಡುಗೆಯನ್ನು ಬಾವಿ, ತೋಟ, ಕೊಟ್ಟಿಗೆಗಳ ಸಾಲಿನಲ್ಲಿ ನಿಲ್ಲಿಸಿ, ಅದು ಸಂಸಾರನಿರ್ವಹಣೆಯ ಒಂದು ಅಂಗವೆಂದು ತೋರಿಸಿದುದು ಚಾವುಂಡರಾಯನ ದೊಡ್ಡತನ. 2006ರಲ್ಲಿ ಈ ಗ್ರಂಥದ ಇಂಗ್ಲಿಷ್ ಅನುವಾದವೂ ಪ್ರಕಟವಾಗಿದೆ.

ಇದರಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗು ಮೊದಲಾದವುಗಳನ್ನೂ ಕೂಡಿಸಿ ಮಾಡುವ ಒಂದು ಭಕ್ಷ್ಯವು ವರ್ಣಿತವಾಗಿದೆ. ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ಸುಮಾರು ಕ್ರಿ. ಶ. 920ರಷ್ಟು ಹಿಂದೆಯೇ ‘ಇಡ್ಡಲಿಗೆ’ ಎಂಬ ಶಬ್ದವು ದೊರೆಯುವುದರಿಂದ, ಇವೆಲ್ಲವೂ ಇಂದಿನ ಇಡ್ಡಲಿಯ ಪೂರ್ವರೂಪಗಳೆಂದು ವಿದ್ವಾಂಸರು ಎಣಿಸುತ್ತಾರೆ. ಆದರೆ ಇಂದಿನ ಇಡ್ಡಲಿಗೆ ಅವಶ್ಯವಾದ ಅಕ್ಕಿಯಾಗಲಿ, ರಾತ್ರಿಯೆಲ್ಲ ಹಿಟ್ಟನ್ನು ಹುಳಿಯಲು ಬಿಡುವ ಕ್ರಮವಾಗಲಿ ಆ ವರ್ಣನೆಯಲ್ಲಿ ಇಲ್ಲ. ಅತ್ಯಂತ ಪ್ರಾಚೀನವೆಂದು ಭಾವಿಸಲ್ಪಡುವ ತಿಂಡಿಯೂ ಕಾಲಕಾಲಕ್ಕೆ ತನ್ನ ರೂಪವನ್ನು ಬದಲಿಸುತ್ತ ಬಂದಿದೆಯೆಂದು ಇದರಿಂದ ತಿಳಿಯುತ್ತದೆ. ಹಳೆಯದೆಂಬ ಕಾರಣದಿಂದಲೇ ಒಂದು ಪಾಕವನ್ನು ಪೂಜಿಸುವುದಾಗಲಿ, ಹೊಸದೆಂಬ ಕಾರಣದಿಂದಲೇ ತಿರಸ್ಕರಿಸುವುದಾಗಲಿ ಯುಕ್ತವಲ್ಲ.

ಲೋಕೋಪಕಾರವಾದ ಸುಮಾರು ನೂರು ವರ್ಷಗಳ ಮೇಲೆ ಅದೇ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಕ್ರಿ. ಶ. 1129ರ ಸುಮಾರಿನ ಈ ಗ್ರಂಥವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ, ಒಟ್ಟು 100 ಅಧ್ಯಾಯಗಳುಳ್ಳದ್ದು. ಇದರ ಅನ್ನಭೋಗವೆಂಬ ಪ್ರಕರಣದಲ್ಲಿ ಅಕ್ಕಿಯ ಭೇದಗಳು, ಬೇಳೆಗಳು, ಇಡ್ಡರಿಕಾ, ದೋಸಕ, ವಟಕಗಳು, ಮೀನು ಮಾಂಸಗಳ ನಾನಾ ಪಾಕಗಳು ವಿಸ್ತಾರವಾಗಿ ಬಂದಿವೆ. ಆದರೆ ಶೀರ್ಷಿಕೆಯಲ್ಲಿರುವ ‘ಭೋಗ’ ಶಬ್ದವನ್ನು ಗಮನಿಸಬೇಕು. ಇಲ್ಲಿ ಊಟವು ರಾಜನ ಉಪಭೋಗಗಳಲ್ಲಿ ಒಂದು. ಬೆಂಕಿ ಊದುವವನು ಒಬ್ಬ, ಅರೆಯುವವನು ಒಬ್ಬ, ಬಡಿಸುವವನು ಒಬ್ಬನಿರುವ ಅರಮನೆಗೆ ಇದು ಒಪ್ಪುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾದ ಮನೆಗೆ ಒಪ್ಪುವುದಿಲ್ಲ. ಉಪಕಾರಕ್ಕಾಗಿ ಬರೆದ ಪುಸ್ತಕ, ಭೋಗಕ್ಕಾಗಿ ಬರೆದ ಪುಸ್ತಕ ಎಂಬ ಎರಡು ಜಾತಿಗಳು ಹೀಗೆ ಅಂದೇ ಬೇರೆಯಾದುವು. ಇಂದಿನ ಅಂಗಡಿಯ ಕಪಾಟಿನಲ್ಲಿಯೂ ಇದೇ ಎರಡು ಜಾತಿಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ.

ಮುಂದೆ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದನು. ಈತನು ಜೈನಕವಿ, ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’ ಮೊದಲಾದ ಕಾವ್ಯಗಳ ಕರ್ತೃ. ಪಾಕವಿಷಯಕ್ಕೇ ಮೀಸಲಾದ ಈ ಕನ್ನಡ ಗ್ರಂಥವು ವಾರ್ಧಕ ಷಟ್ಪದಿಯಲ್ಲಿದೆ. ಹಿಟ್ಟಿನ ಪಾಕಗಳು, ಪಾನಕಗಳು, ಅನ್ನ ಪಾಯಸಗಳು, ಶಾಕಪಾಕಗಳು ಎಂದು ಅಧ್ಯಾಯಗಳು ವಿಂಗಡವಾಗಿವೆ. ಬದನೆ, ಹಲಸು, ಬಾಳೆಗಳಿಗೆ ವಿಶೇಷವಾದ ಸ್ಥಾನವುಂಟು, ಮಾಂಸಪಾಕಗಳು ಇಲ್ಲ. ಕವಿಯು ತನ್ನ ನೆಲದ ತರಕಾರಿಯನ್ನು ಹಿಡಿದು ಬರೆದಿರುವುದರಿಂದ ಕನ್ನಡಿಗರಿಗೆ ಈ ಗ್ರಂಥವು ಅತ್ಯಂತ ಆತ್ಮೀಯವಾಗಿದೆ.

ಆದರೂ ಷಟ್ಪದಿಯ ಪಾಕಶಾಸ್ತ್ರಕ್ಕೆ ಒಂದು ಸ್ವಾಭಾವಿಕವಾದ ಮಿತಿಯುಂಟು. ಪದ್ಯವು ಕಂಠಪಾಠಕ್ಕೆ ಅನುಕೂಲ. ತೂಕ ಅಳತೆಗಳಿಗೆ ಅಷ್ಟು ಅನುಕೂಲವಲ್ಲ. ಪದಾರ್ಥಗಳ ಹೆಸರೂ ಕ್ರಮವೂ ಪದ್ಯದಲ್ಲಿ ಸಲೀಸಾಗಿ ಕೂರುತ್ತವೆ. ‘ಹದ’ವು ಮಾತ್ರ ಕಲಿಸುವವನ ಕೈಯಲ್ಲಿ ಉಳಿಯುತ್ತದೆ. ಇದು ಕವಿಯ ದೋಷವಲ್ಲ. ಆ ಕಾಲದಲ್ಲಿ ಗ್ರಂಥದ ಪಕ್ಕದಲ್ಲಿ ಗುರುವೂ ಇರುತ್ತಿದ್ದನು. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಅರ್ಥ ಹೇಳುವ ಶಾಸ್ತ್ರಿಗಳಿದ್ದಂತೆ, ಸೂಪಶಾಸ್ತ್ರವನ್ನು ಬಲ್ಲವನಿಗೆ ಹದ ತೋರಿಸುವ ಸೂಪಕಾರನಿದ್ದನು. ಗುರುವಿಲ್ಲದ ಮನೆಗೆ ಅಳತೆಯಿಲ್ಲದ ಪುಸ್ತಕವು ಎಷ್ಟು ಸುಂದರವಾಗಿದ್ದರೂ ಅನ್ನ ಬೇಯಿಸಲಾರದು.

ಶರಾವತಿಯ ತೀರಕ್ಕೆ ಹೆಚ್ಚು ಸಮೀಪವಾದುದು ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ರಾಜ್ಯವು ಹದಿನೇಳನೆಯ ಶತಮಾನದ ಆದಿಯಲ್ಲಿ ಕೆಳದಿಯವರ ವಶವಾಯಿತು. ಆ ವಂಶದ ಬಸವರಾಜನು ಕ್ರಿ. ಶ. 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ವಿಶ್ವಕೋಶವು ಒಂಬತ್ತು ಕಲ್ಲೋಲಗಳಲ್ಲಿ ಹರಡಿಕೊಂಡಿದೆ. ಅಡುಗೆಯ ಮನೆ, ಒಲೆ, ಪಾತ್ರೆಗಳ ವಿಚಾರವೂ ಪಾಕಗಳ ವಿಚಾರವೂ ಇದರಲ್ಲಿ ಬಂದಿವೆ. ಪಾಕವನ್ನು ಹೇಳುವ ಮೊದಲು ಪಾತ್ರೆಯನ್ನೂ ಒಲೆಯನ್ನೂ ವಿಚಾರಿಸಬೇಕೆಂಬ ದೃಷ್ಟಿಯು ಇಂದಿಗೂ ಅನುಸರಣೀಯವಾಗಿದೆ.

ಈ ಗ್ರಂಥಗಳ ನಡುವಣ ಕಾಲದಲ್ಲಿ ಕರಾವಳಿಯ ಊಟವನ್ನೇ ಮಾರ್ಪಡಿಸಿದ ಒಂದು ಘಟನೆ ನಡೆಯಿತು. ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ಯೆಂದು ಕರೆದರು. ಅವಳ ರಾಜ್ಯದಿಂದ ಅವರು ಕೊಂಡುಹೋದುದು ಕಾಳುಮೆಣಸು. ಅದೇ ಪೋರ್ತುಗೀಸರ ಹಡಗುಗಳ ಮೂಲಕ ಅಮೇರಿಕ ಖಂಡದ ಮೆಣಸಿನಕಾಯಿಯು ಈ ದೇಶಕ್ಕೆ ಬಂದಿತು. ಲೋಕೋಪಕಾರದಲ್ಲಿಯೂ ಮಾನಸೋಲ್ಲಾಸದಲ್ಲಿಯೂ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿಗಳೇ. ಭಾಷೆಯೂ ಇದಕ್ಕೆ ಸಾಕ್ಷಿ: ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರೇ ಸಂದಿತು, ಹಳೆಯದನ್ನು ಗುರುತಿಸಲು ‘ಕಾಳುಮೆಣಸು’ ಎಂದೂ, ಕರಾವಳಿಯ ಕೆಲವೆಡೆ ‘ಒಳ್ಳೆಮೆಣಸು’ ಎಂದೂ ವಿಶೇಷಣವನ್ನು ಕೂಡಿಸಬೇಕಾಯಿತು. ಖಾರವಿಲ್ಲದೆ ಊಟವೇ ಇಲ್ಲವೆಂದು ತಿಳಿಯುವವರು, ಐದು ನೂರು ವರ್ಷಗಳ ಹಿಂದಿನ ಊಟವು ಕೆಂಪು ಮೆಣಸಿನಕಾಯಿಯ ಸ್ಪರ್ಶವಿಲ್ಲದೆಯೇ ರುಚಿಯಾಗಿತ್ತೆಂಬುದನ್ನು ನೆನೆಯಬಹುದು. ವೈದ್ಯರ ಸಲಹೆಯಂತೆ ಖಾರ ಕಡಿಮೆ ಮಾಡಬೇಕಾದವರಿಗೆ ಇದು ಸಮಾಧಾನದ ಮಾತು.

ಇಷ್ಟೆಲ್ಲ ಗ್ರಂಥಗಳಿದ್ದರೂ ಕಾಸರಕೋಡ ಮತ್ತು ಸುತ್ತಣ ಊರುಗಳ ನಿತ್ಯದ ಊಟವು ಅವುಗಳಲ್ಲಿ ವಿರಳವಾಗಿ ಕಾಣುತ್ತದೆ. ಕುಚ್ಚಲಕ್ಕಿಯ ಗಂಜಿ, ಒಂದೆಲಗದ ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ, ಬಾಳೆದಿಂಡಿನ ಪಲ್ಯ, ಮುರುಗಲಿನ ಹುಳಿ ಹಾಕಿದ ಬಂಗುಡೆಯ ಸಾರು ಇವುಗಳನ್ನು ಯಾವ ಕವಿಯೂ ಷಟ್ಪದಿಯಲ್ಲಿ ಹಾಡಲಿಲ್ಲ. ಅದೇಕೆಂದರೆ ಗ್ರಂಥವು ಅಪರೂಪವಾದುದನ್ನು ಬರೆದಿಡುತ್ತದೆ. ಎಲ್ಲರೂ ಬಲ್ಲದ್ದನ್ನು ಬರೆಯಬೇಕೆಂದು ಯಾರಿಗೂ ತೋರುವುದಿಲ್ಲ. ಹಬ್ಬದೂಟವು ಗ್ರಂಥಸ್ಥವಾಯಿತು, ನಿತ್ಯದೂಟವು ಬಾಯಿಂದ ಬಾಯಿಗೆ ಬಂದಿತು. ಅವಿಭಕ್ತ ಕುಟುಂಬವು ಒಂದೇ ಮಾಡಿನ ಕೆಳಗೆ ಇದ್ದವರೆಗೆ ಇದರಿಂದ ಹಾನಿಯಾಗಲಿಲ್ಲ. ಕುಟುಂಬವು ಚದುರಿದಾಗ ಮೊದಲು ಮರೆತುಹೋಗುವುದು ಈ ಬರೆಯದ ಅಡುಗೆಯೇ. ಹೋಳಿಗೆಯು ಮರೆಯುವುದಿಲ್ಲ, ಏಕೆಂದರೆ ಅದು ಪ್ರತಿ ಪುಸ್ತಕದಲ್ಲಿಯೂ ಇದೆ. ತಂಬುಳಿಯು ಒಂದು ತಲೆಮಾರಿನಲ್ಲಿ ಮರೆತುಹೋಗಬಹುದು. ವಿಪರ್ಯಾಸವೇನೆಂದರೆ, ಬಿಡುವಿಲ್ಲದ ಮನೆಗೆ ಬೇಕಾದುದು ಎರಡನೆಯದೇ. ಸೊಪ್ಪನ್ನು ತುಸು ಬಾಡಿಸಿ, ಕಾಯಿತುರಿ, ಜೀರಿಗೆ, ಕಾಳುಮೆಣಸುಗಳೊಂದಿಗೆ ಅರೆದು ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿಯಾಯಿತು; ಅನ್ನ ಬೇಯುವಷ್ಟು ಹೊತ್ತೂ ಅದಕ್ಕೆ ಬೇಡ.

ಕುಟುಂಬವು ಚದುರಿದುದಕ್ಕೆ ರಾಜಕೀಯದ ಕಾರಣವೂ ಉಂಟು. ಮದ್ರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವನ್ನು ಬ್ರಿಟಿಷರು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. ಈ ನಡುವಣ ಕಾಲದಲ್ಲಿ ಹೊನ್ನಾವರ, ಕುಮಟೆ, ಭಟ್ಕಳಗಳ ವಿದ್ಯಾವಂತರು ಉದ್ಯೋಗಕ್ಕಾಗಿ ಮುಂಬಯಿಯ ದಾರಿ ಹಿಡಿದರು. ಅಲ್ಲಿ ಮರಾಠಿಯಲ್ಲಿ ಪಾಕಪುಸ್ತಕಗಳು ಅಚ್ಚಾಗುತ್ತಿದ್ದವು. 1875ರಲ್ಲಿ ರಾಮಚಂದ್ರ ಸಖಾರಾಮ ಗುಪ್ತೆಯವರ ‘ಸೂಪಶಾಸ್ತ್ರ’ವು ಹೊರಬಂದಿತು, ಮಂಗರಸನ ಗ್ರಂಥದ ಹೆಸರೇ ಇದಕ್ಕೂ ಇದ್ದುದು ಹಳೆಯ ಶಾಸ್ತ್ರಗಳ ಗೌರವವು ಅಚ್ಚಿನ ಯುಗಕ್ಕೂ ಮುಂದುವರಿದುದನ್ನು ತೋರಿಸುತ್ತದೆ. 1910ರಲ್ಲಿ ಲಕ್ಷ್ಮೀಬಾಯಿ ಧುರಂಧರರ ‘ಗೃಹಿಣೀಮಿತ್ರ’ವು ಒಂದು ಸಾವಿರ ಪಾಕಕ್ರಿಯೆಗಳೊಂದಿಗೆ ಪ್ರಕಟವಾಯಿತು. ಪುಸ್ತಕದ ಹೆಸರು ಶಾಸ್ತ್ರದಿಂದ ಮಿತ್ರಕ್ಕೆ ಇಳಿದುದು, ಬರೆಯುವವರೂ ಓದುವವರೂ ಸ್ತ್ರೀಯರಾದುದು, ಈ ಎರಡೂ ಒಂದೇ ಬದಲಾವಣೆಯ ಎರಡು ಮುಖಗಳು.

ಈ ಸಾಲಿನಲ್ಲಿ ಹೊನ್ನಾವರ ಭಟ್ಕಳಗಳ ಮನೆಗಳಿಗೆ ಹತ್ತಿರವಾದುದು ‘ರಸಚಂದ್ರಿಕಾ’. ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತರು ಮುಂಬಯಿಯಲ್ಲಿ ಅನೇಕರು ನೆಲೆಸಿದ್ದರು. ಅಲ್ಲಿನ ಸಾರಸ್ವತ ಮಹಿಳಾ ಸಮಾಜವು 1943ರಲ್ಲಿ ಅಂಬಾಬಾಯಿ ಸಂಸಿಯವರು ಸಂಗ್ರಹಿಸಿದ ಈ ಪುಸ್ತಕವನ್ನು ಮರಾಠಿಯಲ್ಲಿ ಹೊರತಂದಿತು. ಮುಂದೆ ಇಂಗ್ಲಿಷಿಗೂ ಅನುವಾದವಾಯಿತು. ಪಾಕಗಳ ಜೊತೆಗೆ ಮನೆಮದ್ದು, ಗೃಹಕೃತ್ಯದ ಸೂಚನೆಗಳು, ಹಬ್ಬಗಳ ವಿವರ ಇವುಗಳನ್ನೂ ಅದು ಒಳಗೊಂಡಿದೆ. ಅತ್ತೆಯ ಬಾಯಲ್ಲಿದ್ದುದೆಲ್ಲ ಒಂದು ಹೊತ್ತಗೆಯಲ್ಲಿ ಸೇರಿತೆಂದರೆ ಅತಿಶಯೋಕ್ತಿಯಲ್ಲ. ತಮಿಳಿನಲ್ಲಿಯೂ ಇದೇ ಅವಶ್ಯಕತೆಯಿಂದ 1951ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತುಪ್ಪಾರ್’ ಹುಟ್ಟಿತು. ಇಂಥ ಪುಸ್ತಕಗಳು ತಲೆಮಾರುಗಳ ಕಾಲ ಉಳಿದುದು ಬಣ್ಣದ ಚಿತ್ರಗಳಿಂದಲ್ಲ. ಮನೆಯವರ ಪ್ರಶ್ನೆಗೆ ಮನೆಯವರೇ ಉತ್ತರ ಬರೆದುದರಿಂದ.

ಆದರೆ ಹಳೆಯ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು ಅಳತೆ. 1956ರ ತೂಕ ಅಳತೆಗಳ ಕಾಯಿದೆಯ ಮೇರೆಗೆ ಮೆಟ್ರಿಕ್ ಪದ್ಧತಿಯು ಹಂತಹಂತವಾಗಿ ಬರುವ ಮೊದಲು ಲೆಕ್ಕವೆಲ್ಲ ತೊಲೆ, ಸೇರು, ಪಾವುಗಳಲ್ಲಿತ್ತು. ಒಂದು ತೊಲೆ ಸುಮಾರು 11.66 ಗ್ರಾಂ, 80 ತೊಲೆಯ ಸೇರು ಸುಮಾರು 933 ಗ್ರಾಂ. ಊರಿಂದೂರಿಗೆ ಸೇರಿನ ಪ್ರಮಾಣವು ಬೇರೆಯಾಗಿತ್ತು. ತೂಕದ ಸೇರೇ ಬೇರೆ, ಅಳತೆಯ ಸೇರೇ ಬೇರೆ. ಎರಡನೆಯದು ಒಲೆ. 1959ರ ಸುಮಾರಿಗೆ ಈ ದೇಶದಲ್ಲಿ ಪ್ರೆಷರ್ ಕುಕ್ಕರುಗಳ ತಯಾರಿಕೆ ಮೊದಲಾಯಿತು. ಆಮೇಲೆ ಗ್ಯಾಸಿನ ಒಲೆಯು ಮನೆಮನೆಗೆ ಬಂದಿತು. ಸೌದೆಯ ಒಲೆಯ ಕೆಂಡದ ಮೇಲೆ ಗಂಟೆಗಟ್ಟಲೆ ಇಡಲು ಹೇಳುವ ಪಾಕವನ್ನು ಹಾಗೆಯೇ ಅನುಸರಿಸಿದರೆ ಹೊತ್ತೂ ಇಂಧನವೂ ವ್ಯರ್ಥ. ಆದುದರಿಂದ ಗ್ರಾಂ ಅಥವಾ ಲೋಟ ಚಮಚಗಳ ಲೆಕ್ಕ, ನೀರಿನ ಪ್ರಮಾಣ, ಬೇಯುವ ಕಾಲ ಇವು ಮೂರನ್ನೂ ಸ್ಪಷ್ಟವಾಗಿ ಹೇಳುವ ಪುಸ್ತಕವೇ ಗ್ರಾಹ್ಯವು.

ಆರೋಗ್ಯದ ದೃಷ್ಟಿಯು ಪಾಕಪುಸ್ತಕಕ್ಕೆ ಶಾಸ್ತ್ರೀಯವಾಗಿ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಹಡಗಿನವರಿಗೂ ಪಾಲಿಶ್ ಅಕ್ಕಿಯನ್ನೇ ಉಣ್ಣುವವರಿಗೂ ಬರುತ್ತಿದ್ದ ಬೆರಿಬೆರಿ ಎಂಬ ರೋಗಕ್ಕೆ, ಅಕ್ಕಿಯ ತೌಡಿನೊಡನೆ ಹೋಗುವ ಒಂದು ಸತ್ತ್ವದ ಅಭಾವವೇ ಕಾರಣವೆಂದು ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ಮೊದಲು ಮಾಡಿದ ಪ್ರಯೋಗಗಳಿಂದ ಕಾಲಕ್ರಮದಲ್ಲಿ ಸಿದ್ಧವಾಯಿತು. ಈ ದೇಶದಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅದೇ ರೋಗದ ಸಂಶೋಧನೆಯನ್ನು ಆರಂಭಿಸಿದನು. ಆ ಪ್ರಯೋಗಾಲಯವು ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಮೆಕ್ಯಾರಿಸನ್ನನ ತರುವಾಯ ಬಂದ ಐಕ್ರಾಯ್ಡನು 1937ರಲ್ಲಿ ಭಾರತೀಯ ಆಹಾರಗಳ ಸತ್ತ್ವವನ್ನು ಕೋಷ್ಟಕಗಳಲ್ಲಿ ಪ್ರಕಟಿಸಿದನು.

ಈ ಶೋಧನೆಗಳು ಕರಾವಳಿಯವರಿಗೆ ಒಂದು ಶುಭವಾರ್ತೆಯನ್ನು ತಂದವು. ಭತ್ತವನ್ನು ನೆನೆಯಿಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿದಾಗ, ತೌಡಿನಲ್ಲಿರುವ ಬಿ1 ಜೀವಸತ್ತ್ವದ ಒಂದು ಭಾಗವು ಕಾಳಿನ ಒಳಕ್ಕೆ ಇಳಿದು ನಿಲ್ಲುತ್ತದೆ. ಹಾಗೆ ಮಾಡಿದುದೇ ಕುಚ್ಚಲಕ್ಕಿ. ಬೆಳ್ತಿಗೆ ಅಕ್ಕಿಯನ್ನು ಪಾಲಿಶ್ ಮಾಡಿ, ಹಲವು ನೀರು ತೊಳೆದು, ಬೆಂದ ಮೇಲೆ ತಿಳಿಯನ್ನು ಚೆಲ್ಲಿದರೆ ಸತ್ತ್ವವು ಮೂರು ಕಡೆ ನಷ್ಟವಾಗುತ್ತದೆ. ಕುಚ್ಚಲಕ್ಕಿಯನ್ನು ತಿಳಿಸಹಿತ ಗಂಜಿಯಾಗಿ ಉಣ್ಣುವವರಿಗೆ ಬಹುಭಾಗ ಉಳಿಯುತ್ತದೆ. ಬಡವರ ಊಟವೆಂದು ತಾತ್ಸಾರಕ್ಕೆ ಒಳಗಾದ ಗಂಜಿಯ ಪಕ್ಷದಲ್ಲಿಯೇ ಪ್ರಯೋಗಾಲಯವು ತೀರ್ಪಿತ್ತಿತು. ಅಕ್ಕಿಯನ್ನು ಎಷ್ಟು ನೀರು ತೊಳೆಯಬೇಕು, ತಿಳಿಯನ್ನು ಏನು ಮಾಡಬೇಕು ಎಂಬ ಎರಡು ಮಾತುಗಳನ್ನು ಹೇಳದ ಪುಸ್ತಕವು ಆರೋಗ್ಯದ ಹೆಸರನ್ನು ಹೊದಿಕೆಯ ಮೇಲೆ ಹಾಕಿಕೊಂಡು ಫಲವಿಲ್ಲ.

ಉಪ್ಪಿನ ವಿಷಯವೂ ಹಾಗೆಯೇ. ದಿನಕ್ಕೆ ಒಬ್ಬನಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಉಪ್ಪು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳು ನಿತ್ಯವೂ ಬರುವ ಕರಾವಳಿಯ ಎಲೆಯಲ್ಲಿ ಈ ಮಿತಿಯು ಬಹು ಬೇಗ ಮೀರುತ್ತದೆ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದು ಮುಗಿಸುವ ಪುಸ್ತಕವು ರಕ್ತದೊತ್ತಡದವರಿರುವ ಮನೆಗೆ ನೆರವಾಗದು.

ಇಂದಿನ ಈ ಮಾನದಂಡಗಳನ್ನು ಒಂದೆಡೆ ಕಟ್ಟಿಕೊಡುವ ಸೂತ್ರವು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹಿಂದಿನಿಂದಲೇ ಇದೆ. ಆಹಾರವನ್ನು ವಿಚಾರಿಸಲು ಅಲ್ಲಿ ಎಂಟು ಅಂಶಗಳು ಹೇಳಲ್ಪಟ್ಟಿವೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ, ಉಪಯೋಕ್ತೃ. ಎಂದರೆ ಪದಾರ್ಥದ ಸ್ವಭಾವ, ಅದರ ಸಂಸ್ಕಾರ, ಬೇರೆ ಪದಾರ್ಥಗಳ ಕೂಟ, ಪ್ರಮಾಣ, ಊರು, ಋತು, ಉಣ್ಣುವ ನಿಯಮ, ಉಣ್ಣುವವನು. ಆಹಾರಕ್ಕೆ ಹೇಳಿದ ಈ ಎಂಟನ್ನು ಆಹಾರದ ಪುಸ್ತಕಕ್ಕೂ ಒಡ್ಡಬಹುದು.

ಪುಸ್ತಕದ ಪದಾರ್ಥಗಳು ಹೊನ್ನಾವರದ ಸಂತೆಯಲ್ಲಿ ದೊರೆಯುವಂಥವೆ? ಇದು ದೇಶದ ಪರೀಕ್ಷೆ. ಮಳೆಗಾಲದ ಕೆಸುವಿನ ಪತ್ರೊಡೆಯನ್ನೂ ಬೇಸಗೆಯ ಮುರುಗಲಿನ ಪಾನಕವನ್ನೂ ಅದು ಬಲ್ಲುದೆ? ಇದು ಕಾಲದ ಪರೀಕ್ಷೆ. ಕೆಸುವಿನ ಎಲೆಯು ಗಂಟಲು ತುರಿಸುವುದೆಂದೂ, ಹುಣಿಸೆಯನ್ನು ಕೂಡಿಸಿ ಚೆನ್ನಾಗಿ ಬೇಯಿಸಬೇಕೆಂದೂ ಎಚ್ಚರಿಸುವುದೆ? ಇದು ಪ್ರಕೃತಿ ಕರಣಗಳ ಪರೀಕ್ಷೆ. ಬಂಗುಡೆ, ತಾರ್ಲೆಯಂಥ ಹೃದಯಕ್ಕೆ ಹಿತವಾದ ಮೀನುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದನ್ನಷ್ಟೇ ಹೇಳುವುದೋ, ಸಾರಿನ ಕ್ರಮವನ್ನೂ ಹೇಳುವುದೋ? ಇದೂ ಕರಣದ ಪರೀಕ್ಷೆಯೇ. ನಾಲ್ವರ ಮನೆಗೆ ಎಷ್ಟು ಅಳತೆಯೆಂಬುದು ರಾಶಿ. ಮನೆಯಲ್ಲಿ ಬಾಣಂತಿ, ಮಗು, ಮಧುಮೇಹದ ವೃದ್ಧರು ಇದ್ದಾರೆಯೆ ಎಂಬುದನ್ನು ಎಣಿಸುವುದು ಉಪಯೋಕ್ತೃವಿನ ವಿಚಾರ.

ಎಂಟರಲ್ಲಿ ಎಂಟೂ ಕೂಡುವ ಪುಸ್ತಕವು ದುರ್ಲಭ. ಐದಾರು ಕೂಡಿದರೂ ಸಾಕು. ಅಂಥ ಒಂದು ಪುಸ್ತಕವು ಸಾವಿರ ಪಾಕಗಳ ಹತ್ತು ಪುಸ್ತಕಗಳಿಗಿಂತ ಮೇಲು. ಪುಟ ತೆರೆದೊಡನೆ ಹಬ್ಬದ ಭಕ್ಷ್ಯಗಳನ್ನು ನೋಡದೆ, ಸೋಮವಾರದ ಬೆಳಗಿನ ತಿಂಡಿಯೂ ರಾತ್ರಿಯ ಸಾರೂ ಇವೆಯೆ ಎಂದು ನೋಡುವುದು ಸುಲಭವಾದ ಪರೀಕ್ಷೆ. ಮೊಬೈಲಿನಲ್ಲಿ ಅಡುಗೆಯ ಚಿತ್ರಗಳನ್ನು ನೋಡುವವರಿಗೂ ಇದೇ ಮಾತು ಸಲ್ಲುತ್ತದೆ.

ಕೊಂಡ ಪುಸ್ತಕದ ಕೊನೆಯಲ್ಲಿ ಸಾಮಾನ್ಯವಾಗಿ ಕೆಲವು ಬಿಳಿಯ ಹಾಳೆಗಳಿರುತ್ತವೆ. ಮನೆಯ ಹಿರಿಯರು ಮಾಡುವ ತಂಬುಳಿಗೆ ಎಲೆ ಎಷ್ಟು, ಕಾಯಿ ಎಷ್ಟು, ಮಜ್ಜಿಗೆ ಎಷ್ಟು ಎಂಬುದನ್ನು ಅವರು ಮಾಡುವಾಗಲೇ ಪಕ್ಕದಲ್ಲಿ ನಿಂತು ಚಮಚ ಲೋಟಗಳಿಂದ ಅಳೆದು, ಆ ಹಾಳೆಗಳಲ್ಲಿ ಬರೆದಿಡುವುದು ಒಳ್ಳೆಯದು. ಚಾವುಂಡರಾಯನಿಂದ ರಸಚಂದ್ರಿಕೆಯವರೆಗಿನ ಗ್ರಂಥಗಳು ಬಿಟ್ಟ ಅಧ್ಯಾಯವು ಅದೇ. ಅದನ್ನು ಬಲ್ಲವರು ಇಂದು ಮನೆಯಲ್ಲಿದ್ದಾರೆ. ಅವರಿರುವಾಗಲೇ ಬರೆದುಕೊಳ್ಳುವುದು ಗೃಹಸ್ಥರ ಕರ್ತವ್ಯ.